ಏಳು ಕೊಟ್ಟಿಗೆಯ ಒಂದು ಹಸು

ಸೋವರಸನ ಆಸ್ಥಾನದಲ್ಲಿ ಸಿಂಗಣ್ಣನೆಂಬ ಚತುರನಿದ್ದ. ಅವನ ಬುದ್ಧಿ ಚುರುಕು, ನಾಲಿಗೆ ಅದಕ್ಕಿಂತ ಚುರುಕು. ಎಡವಟ್ಟಾಗುತ್ತಿದ್ದುದೇ ಅಲ್ಲಿ.

"ತೆರಿಗೆ ಕೇಳಿದರೆ ನೆಲಗುಳಿ ಹಳ್ಳಿಯವರು ಗತಿಯಿಲ್ಲ ಅಂತಾರೆ," ಅರಸ ಗೊಣಗಿದ. "ಅವರ ನಿಜವಾದ ಆಸ್ತಿ ಎಷ್ಟು? ಯಾರು ಹೇಳ್ತೀರಿ?"

"ನಾನು ಹೇಳ್ತೀನಿ ಪ್ರಭು, ಮೂರೇ ದಿನದಲ್ಲಿ!" ಎಂದುಬಿಟ್ಟ ಸಿಂಗಣ್ಣ.

"ತಪ್ಪಿದರೆ ನಿನ್ನ ಕೆಲಸ ಹೋಯಿತು."

ಮನೆ ಸೇರುವವರೆಗೂ ಸಿಂಗಣ್ಣ ತನ್ನ ನಾಲಿಗೆಗೆ ಶಾಪ ಹಾಕಿದ.

ಮರುದಿನ ಹೆಣ್ಣಿನ ಕಡೆಯ ಹಿರಿಯನಂತೆ ಪೇಟ ಸುತ್ತಿಕೊಂಡು, ವರನ ಮನೆ ನೋಡುವ ನೆಪದಲ್ಲಿ ನೆಲಗುಳಿಗೆ ಹೋದ. ಹೋದಲ್ಲೆಲ್ಲ ಪಾನಕ, ಉಪಚಾರ. "ಬನ್ನಿ ಬೀಗರೇ, ನಮ್ಮ ಹಸು ನೋಡಿ!" ಎಂದು ಕೊಟ್ಟಿಗೆಗೆ ಕರೆದರು. ಸಿಂಗಣ್ಣ ಹಿಗ್ಗಿ, ಪ್ರತಿ ಹಸುವಿಗೂ ಒಂದಚ್ಚು ಬೆಲ್ಲ ತಿನ್ನಿಸಿ ಎಣಿಸುತ್ತ ನಡೆದ.

ಏಳನೇ ಕೊಟ್ಟಿಗೆಯಲ್ಲಿ, ಬಲಗೊಂಬು ಮುರಿದ ಕೆಂಪು ಹಸು ಅವನನ್ನು ಕಂಡೊಡನೆ ಓಡಿಬಂದು ಜೇಬಿಗೇ ಬಾಯಿ ಹಾಕಿತು. ಸಿಂಗಣ್ಣ ಬೆಪ್ಪಾದ. ಬೆಳಗಿನಿಂದ ಬೆಲ್ಲ ತಿನ್ನುತ್ತಿದ್ದುದು ಇದೊಂದೇ! ಅವನು ಜಗಲಿಯಲ್ಲಿ ಪಾನಕ ಕುಡಿಯುವಷ್ಟರಲ್ಲಿ ಹಸು ಹಿತ್ತಲಿನಿಂದ ಮುಂದಿನ ಮನೆ ಸೇರುತ್ತಿತ್ತು.

ಅವನಿಗೆ ನಿಜಕ್ಕೂ ನಾಚಿಕೆಯಾಯಿತು. ತನ್ನ ಮದುವೆಯಲ್ಲಿ ಮಾವನಿಗೆ ನೆರೆಮನೆಯ ನಾಲ್ಕು ಹಸುಗಳನ್ನು ತನ್ನವೇ ಎಂದು ತೋರಿಸಿದ್ದವನು ಅವನೇ. ಕಸುಬು ಬಲ್ಲವನೇ ಮೋಸಹೋಗಿದ್ದ.

ಮೂರನೇ ದಿನ ಅರಸ ಕೇಳಿದ, "ಎಷ್ಟು?"

"ತೆರಿಗೆಯವರು ಹೋದರೆ ಒಂದೂ ಹಸು ಇಲ್ಲ ಪ್ರಭು. ಬೀಗರು ಹೋದರೆ ಮನೆಗೊಂದು."

"ಸಿಕ್ಕಿಬಿದ್ದರು! ಬೀಗರಿಗೆ ತೋರಿಸಿದ್ದಕ್ಕೇ ತೆರಿಗೆ ಹಾಕಿ."

ಸಿಂಗಣ್ಣ ಕೈಮುಗಿದ. "ಆಗಲಿ. ಆದರೆ ಯುವರಾಜರಿಗೆ ಹೆಣ್ಣು ಕೊಡಲು ಬಂದವರಿಗೆ ತಾವು ಇಪ್ಪತ್ತು ಆನೆ ತೋರಿಸಿದಿರಿ. ಕಪ್ಪ ಕೇಳಲು ಬಂದ ಚಕ್ರವರ್ತಿಯ ದೂತನಿಗೆ ಒಂದು ಮುದಿ ಆನೆ. ಈಗ ಚಕ್ರವರ್ತಿಗೂ ಬೀಗರ ಲೆಕ್ಕವನ್ನೇ ಕಳಿಸಲೇ?"

ಅರಸನ ಮೀಸೆ ಮೊದಲು ಅಲುಗಿತು, ಆಮೇಲೆ ಹೊಟ್ಟೆ.

"ಸಾಕಯ್ಯ! ನಿಜವಾಗಿ ಎಷ್ಟಿದೆ ಹೇಳು."

"ಏಳು ಮನೆಗೆ ಒಂದೇ ಹಸು ಪ್ರಭು. ಅದೂ ನನ್ನ ಬೆಲ್ಲ ತಿಂದು ಅಜೀರ್ಣವಾಗಿ ಮಲಗಿದೆ."

ಅರಸ ಬಿದ್ದು ಬಿದ್ದು ನಕ್ಕ. ಹೊಸ ತೆರಿಗೆಯ ಮಾತು ಅಲ್ಲಿಗೇ ಬಿಟ್ಟ. ಸಿಂಗಣ್ಣನಿಗೆ ಅರಮನೆಯ ಹಾಲು ಕರೆಯುವ ಹಸುವೊಂದನ್ನು ಕೊಟ್ಟು ಕಳಿಸಿದ.

ಸಿಂಗಣ್ಣ ಎದೆಯುಬ್ಬಿಸಿಕೊಂಡು ಹಸುವನ್ನು ಅಂಗಳದಲ್ಲಿ ತಂದು ನಿಲ್ಲಿಸಿದ. ಹೆಂಡತಿ ದೇಮವ್ವ ಹಸುವನ್ನೊಮ್ಮೆ, ಗಂಡನನ್ನೊಮ್ಮೆ ನೋಡಿದಳು.

"ಚೆನ್ನಾಗಿದೆ," ಎಂದಳು. "ನಮ್ಮಪ್ಪ ಬರ್ತಿದಾನೇನು? ಸಂಜೆಗೆ ಯಾರ ಮನೆಗೆ ವಾಪಸು ಹೊಡೀಬೇಕು?"