ಆರು ಬೋಂಡಾದ ಆರೋಗ್ಯ ವರದಿ

ಹೈಸ್ಕೂಲು ಮಕ್ಕಳು ಮನೆಯಲ್ಲೇ ಕೂತು ಫೋನಿನಲ್ಲಿ ಪಾಠ ಕೇಳುತ್ತಿದ್ದ ಕಾಲ. ಒಂದು ಖಾಸಗಿ ಶಾಲೆಯ ಕಾರ್ಯದರ್ಶಿ ಪರಮಶಿವಯ್ಯನವರು ಹುಕುಂ ಹೊರಡಿಸಿದರು: ಆರೋಗ್ಯ ಶಿಕ್ಷಣದ ಪಾಠ ದಿನಕ್ಕೆ ಮೂರು ಗಂಟೆ ನಡೆಯಬೇಕು, ಒಬ್ಬರೂ ಕೂತಲ್ಲಿಂದ ಏಳಬಾರದು. ಕಾವಲಿಗೆ ತಾವೂ ತಮ್ಮ ಫೋನಿನ ಕ್ಯಾಮೆರಾ ಹಾಕಿಕೊಂಡು ದಿನವೂ ಪಾಠಕ್ಕೆ ಕೂತರು.

ಪಾಠ ಮಾಡುತ್ತಿದ್ದವರು ಪಿ.ಟಿ. ಮೇಷ್ಟ್ರು ಚೌಡಪ್ಪ. ವಾರದೊಳಗೆ ಮಕ್ಕಳ ಕಣ್ಣು ಕೆಂಪಾಯಿತು, ಕತ್ತು ಹಿಡಿದುಕೊಂಡಿತು. ನಡುವೆ ಬಿಡುವು ಕೊಡೋಣ ಎಂದು ಮೇಷ್ಟ್ರು ಕೇಳಿದರೆ, "ಶಿಸ್ತಿಗಿಂತ ದೊಡ್ಡ ಆರೋಗ್ಯ ಯಾವುದ್ರೀ?" ಎಂದು ಕಾರ್ಯದರ್ಶಿಗಳು ಗದರಿದರು.

ಮೇಷ್ಟ್ರು ಒಂದು ಉಪಾಯ ಹೂಡಿದರು. ಕಾರ್ಯದರ್ಶಿಗಳು ತೂಕಡಿಸುತ್ತಿದ್ದ ಹೊತ್ತು ನೋಡಿ ಮಕ್ಕಳಿಗೆ ಹೇಳಿದರು: "ದಿನಾ ನಿಮ್ಮ ಕಣ್ಣೆದುರು ಕೂರುವ ಒಬ್ಬ ಹಿರಿಯರ ಆರೋಗ್ಯ ಗಮನಿಸಿ, ವರದಿ ಬರೆಯಿರಿ. ಹೆಸರು ಬೇಡ."

ಮರುದಿನ ಮಂದಾಕಿನಿ ಎಂಬ ಹುಡುಗಿ ಮೊದಲು ಓದಿದಳು. "ಈ ಹಿರಿಯರು ಮೂರು ಗಂಟೆ ಕುರ್ಚಿ ಬಿಡಲಿಲ್ಲ. ಒಂದು ಲೋಟ ನೀರೂ ಕುಡಿಯಲಿಲ್ಲ. ಆರು ಬೋಂಡಾ ತಿಂದರು. ಎರಡು ಸಲ ಗೊರಕೆ ಹೊಡೆದರು."

ಪರಮಶಿವಯ್ಯನವರು ಲೊಚಗುಟ್ಟಿದರು. "ಛೆ! ಹೀಗೆ ಕೂತರೆ ಮನುಷ್ಯ ಉಳೀತಾನಾ? ಅರ್ಧ ಗಂಟೆಗೊಮ್ಮೆ ಎದ್ದು ಓಡಾಡಿ ಅಂತ ಅವರಿಗೆ ಹೇಳೋರು ಯಾರೂ ಇಲ್ವೇನಮ್ಮ?"

"ಹೇಳೋಕೆ ಭಯ ಸರ್."

"ಭಯ ಎಂಥದ್ದು? ಸರಿ, ಮುಂದಿನವರು ಓದಿ."

ಮುಂದಿನ ಹುಡುಗನೂ ಆರು ಬೋಂಡಾ ಎಂದ. ಅವನ ನಂತರದವಳೂ ಆರೇ ಎಂದಳು. ನಾಲ್ಕನೆಯವನು ಓದುವಷ್ಟರಲ್ಲಿ ಕಾರ್ಯದರ್ಶಿಗಳ ಕೈ ಪಕ್ಕದ ತಟ್ಟೆಯನ್ನು ಮೆಲ್ಲಗೆ ಮರೆಗೆ ಸರಿಸಿತು.

"ನಾಳೆಯಿಂದ ಅರ್ಧ ಗಂಟೆ ಪಾಠ ಸಾಕು" ಎಂದು ಅವರು ಕುರ್ಚಿಯಿಂದ ಎದ್ದರು.

"ಮೇಷ್ಟ್ರೇ," ಎಂದಳು ಮಂದಾಕಿನಿ, "ನನ್ನ ವರದಿಗೆ ಒಂದು ಸಾಲು ಸೇರಿಸಲಾ? ಹಿರಿಯರು ಎದ್ದರು."