ಸಾವಿನ ಮನೆಯಲ್ಲಿ ಆಡದ ಮಾತು

ಆಶ್ರಮದ ಮೆಟ್ಟಿಲು ಹತ್ತುವಾಗ ಮಂದಾಕಿನಿಯ ಸಿಟ್ಟು ಅವಳಿಗಿಂತ ಒಂದು ಮೆಟ್ಟಿಲು ಮುಂದೆಯೇ ಇತ್ತು.

ಹೊಳೆಯ ದಂಡೆಗೆ ಒಂದು ಕಟ್ಟೆ, ಕಟ್ಟೆಗೆ ಒಂದು ಬೇವಿನ ಮರ. ಮರದ ಕೆಳಗೆ ಗುರುಶಾಂತಜ್ಜ ಕೂತು ಹಗ್ಗ ಹೊಸೆಯುತ್ತಿದ್ದರು. ಕಾಲೇಜು ಮುಗಿದ ಮೇಲೆ ಅವಳು ಕೆಲವು ಕಾಲ ಇದೇ ಕಟ್ಟೆಯ ಮೇಲೆ ಅವರ ಶಿಷ್ಯೆಯಾಗಿದ್ದಳು. ಅಜ್ಜ ಅವಳಿಗೆ ಬರೆಯುವುದನ್ನು ಕಲಿಸಲಿಲ್ಲ. ಓದುವುದನ್ನಷ್ಟೇ ಕಲಿಸಿದರು. ಅವಳು ಹೋಗಿ ಬರೆಯುವ ಕೆಲಸ ಹಿಡಿದಳು.

"ಶರಣ್ರೀ ಅಜ್ಜಾರ," ಎಂದಳು, ಕಣ್ಣು ಫೋನಿನ ಮೇಲೇ ಇಟ್ಟುಕೊಂಡು.

ಅಜ್ಜ ಹಗ್ಗ ಹೊಸೆಯುತ್ತಲೇ ಇದ್ದರು.

"ಶರಣ್ರೀ!" ಎಂದು ತಲೆಯೆತ್ತಿದಳು.

"ಹಾಂ, ಶರಣು. ಈಗ ಬಂದ್ಯಾ?"

ಬಂದ ಕೂಡಲೇ ಶುರುವಾಯಿತಲ್ಲ ಎಂದು ಅವಳಿಗೆ ಮೈ ಉರಿಯಿತು. ಆದರೂ ಕೂತಳು.

"ನನಗ ಸಾಕಾಗೇತ್ರೀ ಅಜ್ಜಾರ. ಒಂದು ಪ್ರಶ್ನೆ ಐತಿ. ಉತ್ತರ ಕೊಡ್ರಿ, ಹೋಗ್ತೇನಿ. ಸಂಜಿಯೊಳಗ ನಾ ಒಬ್ಬರ ಹೆಸರು ಹೇಳಬೇಕು."

"ಯಾತಕ್ಕ?"

"ಕೆಲಸದಿಂದ ತಗ್ಯಾಕ."

ಸಂಗತಿ ಇಷ್ಟು. ಹುಬ್ಬಳ್ಳಿಯ ಒಂದು ಜಾಹೀರಾತು ಕಂಪನಿಯಲ್ಲಿ ಮಂದಾಕಿನಿ ಬರಹಗಾರರ ತಂಡದ ಮುಖ್ಯಸ್ಥೆ. ಸೀರೆ ಅಂಗಡಿ, ಶಾಲೆ, ದವಾಖಾನೆ, ಯಾರಿಗೆ ಮಾತು ಬೇಕೋ ಅವರಿಗೆಲ್ಲ ಅವರು ಮಾತು ಹೊಂದಿಸಿಕೊಡುತ್ತಾರೆ. ಕಂಪನಿಗೆ ಎಐ ಬಂತು. ಮೊದಲು ದಿನವಿಡೀ ತೆಗೆದುಕೊಳ್ಳುತ್ತಿದ್ದ ಕೆಲಸ ಚಹಾ ಆರುವುದರೊಳಗೆ ಮುಗಿಯತೊಡಗಿತು. ಎಲ್ಲರಿಗೂ ಖುಷಿಯೋ ಖುಷಿ. ಅದನ್ನು ಬಳಸುವುದು ಹೇಗೆಂದು ತಂಡಕ್ಕೆಲ್ಲ ಹೇಳಿಕೊಟ್ಟವನು ಈರಣ್ಣ. ಚುರುಕಾದವನು, ಮಂದಾಕಿನಿಯೇ ಆರಿಸಿ ತಂದವನು.

ಆಮೇಲೆ ಆ ಮೆಸೇಜು ಹೋಯಿತು.

ಅಂತ್ಯಕ್ರಿಯೆಯ ವ್ಯವಸ್ಥೆ ಮಾಡಿಕೊಡುವ ಸಂಸ್ಥೆಯೊಂದು ಅವರ ಗಿರಾಕಿ. ಕಾರ್ಯವೆಲ್ಲ ಮುಗಿದ ಮೇಲೆ ಆ ಮನೆಯವರ ಫೋನಿಗೆ ಎರಡು ಒಳ್ಳೆಯ ಮಾತು ಕಳಿಸಬೇಕು ಎಂದು ಅದರ ಮಾಲೀಕರು ಕೇಳಿದ್ದರು. ಹೋದ ಮಾತು ಇದು: "ನಿಮ್ಮ ಸೇವೆಗೆ ಅವಕಾಶ ಕೊಟ್ಟಿದ್ದಕ್ಕೆ ಹೃತ್ಪೂರ್ವಕ ಧನ್ಯವಾದ. ಹೋಗಿ ಬನ್ನಿ. ನಿಮ್ಮನ್ನು ಮತ್ತೆ ಕಾಣುವ ಸುಯೋಗ ಬೇಗನೆ ಒದಗಲಿ!"

ಅದನ್ನು ಓದಿದ ಹೆಣ್ಣುಮಗಳು ಗಂಡನನ್ನು ಕಳಕೊಂಡವಳು. ಅವಳ ಅತ್ತೆ ಹಾಸಿಗೆ ಹಿಡಿದು ಮಲಗಿದ್ದರು. ಮೈದುನ ಚಪ್ಪಲಿ ಕೈಯಲ್ಲಿ ಹಿಡಿದು ಸಂಸ್ಥೆಯ ಬಾಗಿಲಿಗೆ ಹೋದ. ಸಂಸ್ಥೆಯ ಮಾಲೀಕರು ಕೌಲಗಿಯವರಿಗೆ ಫೋನು ಮಾಡಿದರು. ಕೌಲಗಿ ಎಂದರೆ ಮಂದಾಕಿನಿಯ ಕಂಪನಿಯ ಯಜಮಾನರು. ಅವರು ಮಂದಾಕಿನಿಗೆ ಹೇಳಿದ್ದು ಒಂದೇ ಮಾತು: ಯಾರ ತಪ್ಪು, ಹೆಸರು ಕೊಡಿ.

ಅಜ್ಜ ಮೆಸೇಜನ್ನು ಇನ್ನೊಮ್ಮೆ ಓದಿಸಿದರು. ನಗಲಿಲ್ಲ.

"ಯಂತ್ರ ತಗೀಲೋ, ಮನಶ್ಯಾರನ್ನ ತಗೀಲೋ?" ಎಂದಳು ಮಂದಾಕಿನಿ. "ಯಂತ್ರ ಇಟಗೊಂಡು ಒಂದು ಚೊಲೋ ತಂಡ ಕಟ್ಟೂದು ಹ್ಯಾಂಗ? ಅಷ್ಟ ಹೇಳ್ರಿ."

"ಇದನ್ನ ಓದಿದವರು ಯಾರು?"

"ಈರಣ್ಣ ಎಐ ಕಡೆ ಬರಸ್ಯಾನ್ರೀ. ಮುಂಜಾನೆ ಒಂದು ಪೇಡೆ ಅಂಗಡಿಗೆ ಬರಸಿದ್ದ. ಅದರಂಗ ಇನ್ನೊಂದು ಕೊಡು ಅಂದಾನ."

"ಬರಸಿದಾಂವನ್ನ ಕೇಳಲಿಲ್ಲ. ಓದಿದವರು ಯಾರು?"

"ಶಾಲ್ಮಲಾ ಅಂತ ಅದಾಳ್ರೀ, ಎಲ್ಲಾ ಆಕಿನ ತಿದ್ದೂದು. ಒಂದು ಅಲ್ಪವಿರಾಮ ಹೆಚ್ಚಾಗಿತ್ತಂತ, ತಗದಾಳ."

"ತಿದ್ದಿದಾಕಿನ್ನೂ ಕೇಳಲಿಲ್ಲ."

"ನಾ ಒಪ್ಪಿಗಿ ಕೊಟ್ಟೇನಿ! ದಿನಾ ನನ್ನ ಮುಂದ ಎಷ್ಟು ಬಂದು ಬೀಳ್ತಾವ ಅಂತ ಗೊತ್ತೈತೇನ್ರೀ ನಿಮಗ?"

"ಒಪ್ಪಿಗಿ ಕೊಟ್ಟಾಕಿನ್ನೂ ಕೇಳಲಿಲ್ಲವ್ವಾ."

ಮಂದಾಕಿನಿಗೆ ಎದ್ದು ಹೋಗಬೇಕೆನಿಸಿತು. ಬಸ್ಸು ಬದಲಿಸಿ, ಬಿಸಿಲಲ್ಲಿ ನಡೆದು, ಈ ಮುದುಕರ ಒಗಟು ಕೇಳಲು ಬಂದೆನಲ್ಲ ಎಂದು ತನ್ನ ಮೇಲೇ ರೇಗಿತು. ಇವರಿಗೇನು, ಹೊಳೆಯ ದಂಡೆಯಲ್ಲಿ ಕೂತು ಹಗ್ಗ ಹೊಸೆಯುವವರು. ಇವರ ಹಗ್ಗಕ್ಕೆ ಯಾವ ಗಿರಾಕಿಯೂ ಬೈಯುವುದಿಲ್ಲ.

ಅಜ್ಜ ಹಗ್ಗ ಕೆಳಗಿಟ್ಟು ಎದ್ದರು. ಒಳಗೆ ಹೋಗಿ ಬಿಳಿ ಅರಿವೆಯಲ್ಲಿ ಕಟ್ಟಿದ ರೊಟ್ಟಿಯ ಬುತ್ತಿ ತಂದರು.

"ನಡಿ. ದ್ಯಾಮಣ್ಣನ ಮನಿಗೆ ಹೋಗಬೇಕು."

"ಈಗನ್ರೀ? ನನ್ನ ಪ್ರಶ್ನೆ?"

"ಅದೂ ಬರಲಿ ನಮ್ಮ ಸಂಗಾಟ."

ದ್ಯಾಮಣ್ಣ ಆ ದಂಡೆಯ ಅಂಬಿಗ, ದೋಣಿ ನಡೆಸುವವನು. ಮೊನ್ನೆ ಅವನ ಹೆಂಡತಿ ಫಕೀರವ್ವ ತೀರಿಕೊಂಡಿದ್ದಳು. ಮನೆಯಲ್ಲಿ ಒಲೆ ಹೊತ್ತಿರಲಿಲ್ಲ. ಊರವರು ಬುತ್ತಿ ಒಯ್ಯುತ್ತಿದ್ದರು, ಅವನು ಮುಟ್ಟುತ್ತಿರಲಿಲ್ಲ.

"ನಿನ್ನ ಯಂತ್ರಾನೂ ಕರಕೊಂಡು ಬಾ," ಎಂದರು ಅಜ್ಜ. "ಅಲ್ಲಿ ಏನು ಮಾತಾಡಬೇಕು, ಅದನ್ನ ಕೇಳಿಟ್ಟುಕೋ."

ಇದು ಚೇಷ್ಟೆಯೋ ನಿಜವೋ ತಿಳಿಯಲಿಲ್ಲ. ಹಟಕ್ಕೆ ಬಿದ್ದವಳಂತೆ ಅವಳು ದಾರಿಯುದ್ದಕ್ಕೂ ಎಡವುತ್ತ ಎಐಗೆ ಬರೆದಳು. ಅಂಬಿಗನ ಹೆಂಡತಿ ತೀರಿಹೋಗಿದ್ದಾಳೆ, ಅವನು ಉಣ್ಣುತ್ತಿಲ್ಲ, ನಾನು ಏನು ಹೇಳಲಿ? ಕೇಳಿದ್ದೇ ತಡ ಉತ್ತರ ಬಂತು. ಕಾಲವೇ ಎಲ್ಲ ಗಾಯಗಳನ್ನು ಮಾಯಿಸುತ್ತದೆ. ನಿಮ್ಮ ದುಃಖದಲ್ಲಿ ನಾವೂ ಭಾಗಿಗಳು. ನೋವನ್ನು ಶಕ್ತಿಯಾಗಿ ಮಾರ್ಪಡಿಸಿಕೊಳ್ಳಿ. ಇಂಥವು ಒಂದರ ಕೆಳಗೊಂದು. ಎಲ್ಲಕ್ಕೂ ಕೊನೆಗೆ ಇನ್ನೊಂದು ಸಾಲು: ಇದ್ಯಾವುದೂ ಬೇಡವೆನಿಸಿದರೆ ಹೋದವರ ಹೆಸರು ಹಿಡಿದು ಏನಾದರೂ ಕೇಳಿ.

ಒಂದಕ್ಷರ ತಪ್ಪಿರಲಿಲ್ಲ. ಅದು ಅವಳಿಗೆ ಇನ್ನಷ್ಟು ಸಿಟ್ಟು ತರಿಸಿತು.

ದ್ಯಾಮಣ್ಣ ಗೋಡೆಗೆ ಆತು ಕೂತಿದ್ದ. ಪಕ್ಕದಲ್ಲಿ ದೋಣಿಯ ಹುಟ್ಟು ಒರಗಿತ್ತು. ಅಜ್ಜ ಬುತ್ತಿಯನ್ನು ಅವನ ಮುಂದಿಟ್ಟು ಸುಮ್ಮನೆ ಕೂತುಬಿಟ್ಟರು. ಕೂತವರು ಬಾಯಿ ತೆರೆಯುವ ಲಕ್ಷಣವೇ ಇಲ್ಲ. ಮಾತಾಡಬೇಕಾದವಳು ತಾನೇ ಎಂದು ಮಂದಾಕಿನಿಗೆ ಅರ್ಥವಾಯಿತು. ಅಜ್ಜನ ಮೇಲೆ ಬಂದ ಸಿಟ್ಟನ್ನು ನುಂಗಿಕೊಂಡಳು.

ಸೆರಗಿನ ಮರೆಯಲ್ಲಿ ಫೋನು ನೋಡಿದಳು. ಕಾಲವೇ ಎಲ್ಲ ಗಾಯಗಳನ್ನು. ತಲೆಯೆತ್ತಿ ದ್ಯಾಮಣ್ಣನ ಮುಖ ನೋಡಿದಳು. ಆಗಲಿಲ್ಲ.

ನಿಮ್ಮ ದುಃಖದಲ್ಲಿ ನಾವೂ. ಮತ್ತೆ ಮುಖ ನೋಡಿದಳು. ಯಾರು ನಾವು? ಅವನಿಗೆ ಅವಳ ಹೆಸರೂ ಗೊತ್ತಿಲ್ಲ. ಆಗಲಿಲ್ಲ.

ನೋವನ್ನು ಶಕ್ತಿಯಾಗಿ. ಈ ಸಲ ಮುಖ ನೋಡಲು ಅವಳಿಗೆ ನಾಚಿಕೆಯಾಯಿತು.

ಒಂದೊಂದಾಗಿ ಎಲ್ಲವೂ ಹೋಗಿ ಕೊನೆಯ ಸಾಲು ಉಳಿಯಿತು. ಫೋನನ್ನು ಮಗುಚಿ ನೆಲದ ಮೇಲಿಟ್ಟಳು.

"ಫಕೀರವ್ವಾರೂ ದೋಣಿ ನಡಸ್ತಿದ್ರೇನ್ರೀ?"

ದ್ಯಾಮಣ್ಣ ತಲೆಯೆತ್ತಿದ.

"ನಡಸ್ತಿದ್ಲೇನ ಅಂತ ಕೇಳ್ತೀರೇನ್ರೀ? ನನಗ ಕಲಿಸಿದಾಕೀನ ಆಕಿ! ನಾ ಮನಿ ಅಳಿಯಾ ಆಗಿ ಬಂದಾಂವ. ನಮ್ಮೂರಾಗ ಹೊಳೀನ ಇಲ್ಲ. ನೀರು ಕಂಡ್ರ ಕೈಕಾಲು ನಡಗತಿದ್ವು. ಆಕಿ ನನ್ನ ದೋಣ್ಯಾಗ ಕುಂದರಿಸಿ, ನಡುಹೊಳ್ಯಾಗ ಹುಟ್ಟು ನನ್ನ ಕೈಗೆ ಕೊಟ್ಟು, ತಾ ಹಾಡ ಹಾಡಕೋತ ಕುಂತಿದ್ಲು."

ಹೇಳುತ್ತ ಅವನಿಗೆ ನಗು ಬಂತು. ನಗುತ್ತಿದ್ದವನು ಅತ್ತ. ಅತ್ತು ಮುಗಿದ ಮೇಲೆ, ಯಾರೂ ಹೇಳದೆಯೇ, ಬುತ್ತಿಯ ಗಂಟು ಬಿಚ್ಚಿ ಒಂದು ರೊಟ್ಟಿ ಮುರಿದ.

ಹೊರಡುವ ಹೊತ್ತಾಯಿತು. ಮಂದಾಕಿನಿ ಎದ್ದಳು. ಯಾವ ಮನೆಯಿಂದ ಏಳುವಾಗಲೂ ಆಡುವ ಮಾತು ತುಟಿಯವರೆಗೆ ಬಂತು. ಅದನ್ನು ಅಲ್ಲೇ ತಡೆದು, ಕೈಮುಗಿದು, ಚಪ್ಪಲಿ ಮೆಟ್ಟಿ ಮಾತಿಲ್ಲದೆ ಹೊರಗೆ ಬಂದಳು.

ಬೇಲಿ ದಾಟಿದ ಮೇಲೆ ಅಜ್ಜ ಕೇಳಿದರು:

"ಏನೂ ಹೇಳದಂಗ ಎದ್ದು ಬಂದ್ಯಲ್ಲ. ಯಂತ್ರ ಹೇಳಿತೇನು?"

"ಅದ್ಯಾಕ ಹೇಳಬೇಕ್ರೀ? ಸಾವಿನ ಮನ್ಯಾಗ ಯಾರರ ಹೋಗಿ ಬರ್ತೇನಿ ಅಂತಾರೇನ್ರೀ?" ಎಂದಳು ಸಿಡುಕಿನಿಂದ.

ಅಂದವಳು ದಾರಿಯಲ್ಲೇ ನಿಂತಳು.

ಅಜ್ಜ ನಿಲ್ಲಲಿಲ್ಲ. ಅವಳೇ ಓಡಿ ಹೋಗಿ ಅವರನ್ನು ಕೂಡಿಕೊಳ್ಳಬೇಕಾಯಿತು.

"ನನಗ ಗೊತ್ತಿತ್ತು," ಎಂದಳು. ದನಿ ಸಣ್ಣದಾಗಿತ್ತು. "ಈರಣ್ಣಗೂ ಗೊತ್ತೈತಿ. ಶಾಲ್ಮಲಾಗೂ ಗೊತ್ತೈತಿ. ಮೂರೂ ಮಂದಿ ಹುಟ್ಟಿ ಬೆಳದಿದ್ದು ಇದ ಮಾತಿನ್ಯಾಗ."

"ಯಂತ್ರ ಪೇಡೆ ಅಂಗಡ್ಯಾಗ ನಿಂತಿತ್ತು," ಎಂದರು ಅಜ್ಜ. "ಸಾವಿನ ಮನಿಗೆ ಬಂದೇವಿ ಅಂತ ಅದಕ್ಕ ಯಾರೂ ಹೇಳಲಿಲ್ಲ. ನೀವರ ಎಲ್ಲಿ ನಿಂತಿದ್ರಿ?"

ಅವಳು, ತಾನು ಒಪ್ಪಿಗೆ ಒತ್ತಿದ ಗಳಿಗೆಯನ್ನು ನೆನಪು ಮಾಡಿಕೊಳ್ಳಲು ನೋಡಿದಳು. ನೆನಪೇ ಬರಲಿಲ್ಲ. ಅದಕ್ಕಿಂತ ದೊಡ್ಡ ಅವಮಾನ ಅವಳಿಗೆ ಬೇರೆ ಬೇಕಿರಲಿಲ್ಲ.

ಕಟ್ಟೆಗೆ ಬಂದು ಕೂತಾಗ ಬಿಸಿಲು ಇಳಿದಿತ್ತು. ಕೌಲಗಿಯವರಿಗೆ ಉತ್ತರ ಬರೆಯಬೇಕು. ಎಐಗೆ ಹೇಳಿದಳು, ಅದು ಬರೆಯಿತು. ಅಜ್ಜನ ಮುಂದೆ ಗಟ್ಟಿಯಾಗಿ ಓದಿದಳು:

"ಕಾರ್ಯವಿಧಾನದಲ್ಲಿ ಕಿರಿಯ ಸಿಬ್ಬಂದಿಯ ಹಂತದಲ್ಲಿ ಉಂಟಾದ ಲೋಪದಿಂದಾಗಿ..."

"ಈರಣ್ಣನ ಎದುರಿಗೆ ಕುಂತು ಇದನ್ನ ಓದ್ತೀಯೇನು?"

"ಇಲ್ರೀ."

ಅಳಿಸಿದಳು. ಎಐಗೆ ಮತ್ತೆ ಹೇಳಿದಳು, ಈ ಸಲ ನಡೆದದ್ದನ್ನೆಲ್ಲ ಹೇಳಿದಳು. ಬಂದದ್ದನ್ನು ಓದಿದಳು, ಬೇಡದ್ದನ್ನು ಹೊಡೆದುಹಾಕಿದಳು, ಮತ್ತೆ ಓದಿದಳು. ಕಡೆಗೆ ಉಳಿದದ್ದು ಇಷ್ಟು:

"ಈರಣ್ಣ ಬರೆಸಿದ. ಶಾಲ್ಮಲಾ ತಿದ್ದಿದಳು. ಕಳಿಸಿದವಳು ನಾನು, ಓದದೆ ಕಳಿಸಿದೆ. ಹೆಸರು ಬೇಕಾದರೆ ನನ್ನದು ಬರೆದುಕೊಳ್ಳಿ. ಎಐ ಇರಲಿ, ಈರಣ್ಣನೂ ಇರಲಿ. ಇನ್ನು ಮೇಲೆ ಯಾವ ಮಾತನ್ನೇ ಆಗಲಿ, ಕಳಿಸುವ ಮೊದಲು ನಮ್ಮಲ್ಲೊಬ್ಬರು ಗಟ್ಟಿಯಾಗಿ ಓದುತ್ತೇವೆ. ಅದು ಯಾರಿಗೆ ಹೋಗುತ್ತದೋ ಅವರ ಜಾಗದಲ್ಲಿ ಇನ್ನೊಬ್ಬರು ಎದುರಿಗೆ ಕೂರುತ್ತೇವೆ."

ಕಳಿಸಿದಳು.

ಕಣ್ಣು ಮಿಟುಕಿಸುವುದರೊಳಗೆ ಉತ್ತರ ಬಂತು: "ಅದ್ಭುತ! ನಿಮ್ಮ ವರದಿಗೆ ಧನ್ಯವಾದಗಳು. ಹೀಗೇ ಮುಂದುವರಿಯಲಿ."

ಮಂದಾಕಿನಿ ಫೋನನ್ನು ಹೊಳೆಗೆ ಎಸೆಯುವುದೊಂದು ಬಾಕಿ. "ನೋಡ್ರಿ! ನೋಡ್ರಿ ಅಜ್ಜಾರ! ಇವರೂ ಓದಿಲ್ಲ! ಇದೂ ಯಂತ್ರದ ಉತ್ತರ! ನನ್ನ ಕೆಲಸ ಹೋಗಲಿ ಅಂತ ನಾ ಬರದ್ರ, ಹೀಗೇ ಮುಂದುವರಿಯಲಿ ಅಂತಾರ! ಯಾರಿಗರ ಹ್ಯಾಂಗ ತಿಳಿಸಿ ಹೇಳೂದ್ರೀ?"

ಅಜ್ಜ ಹಗ್ಗ ಕೈಗೆತ್ತಿಕೊಂಡರು.

"ಅವರಿಗೆ ಕಿವಿ ಅದಾವಿಲ್ಲ?"

ಅವಳು ಹಲ್ಲು ಕಚ್ಚಿ ಫೋನು ಹಚ್ಚಿದಳು.

"ಹಾಂ ಮಂದಾಕಿನಿ, ನೋಡಿದೆ. ಚೊಲೋ ಆಗೇತಿ," ಎಂದರು ಕೌಲಗಿ.

"ನೋಡೀರಿ ಸರ್, ಓದಿಲ್ಲ. ನಾನ ಓದ್ತೇನಿ, ಕೇಳ್ರಿ."

ಓದಿದಳು. ಒಂದೊಂದು ವಾಕ್ಯಕ್ಕೂ ನಿಂತು ಓದಿದಳು, ಹಿಂದೆ ಇದೇ ಕಟ್ಟೆಯ ಮೇಲೆ ಓದುತ್ತಿದ್ದ ಹಾಗೆ. ಓದಿ ಮುಗಿಸಿ, ತನ್ನ ಕೆಲಸ ಹೋಯಿತು ಎಂದುಕೊಂಡಳು.

"ಈರಣ್ಣ ಇರ್ಲಿ," ಎಂದರು ಕೌಲಗಿ. ದನಿ ಬೇರೆಯಾಗಿತ್ತು. "ನೀವೂ ಇರ್ರಿ. ಆದ್ರ ಆ ಹೆಣ್ಣುಮಗಳ ಮನಿಗೆ ನೀವ ಹೋಗಬೇಕು. ಮೆಸೇಜು ಗಿಸೇಜು ಬ್ಯಾಡ. ಹೋಗಿ ಎದುರಿಗೆ ಕುಂದರ್ರಿ."

"ಹೋಗ್ತೇವ್ರೀ ಸರ್. ಮೂರೂ ಮಂದಿ ಹೋಗ್ತೇವಿ."

ಅವಳ ಕಣ್ಣು ತುಂಬಿತು. ಬೆಳಗಿನಿಂದ ಹೊತ್ತು ತಂದ ಸಿಟ್ಟು ಎಲ್ಲಿ ಇಳಿಯಿತೋ ತಿಳಿಯದಷ್ಟು ಹಗುರವಾಯಿತು. ಈಗಲೇ ಈರಣ್ಣನಿಗೆ ತಿಳಿಸಬೇಕು, ಪಾಪ, ಊಟ ಬಿಟ್ಟು ಕೂತಿರುತ್ತಾನೆ. ಶಾಲ್ಮಲಾಗೂ ಹೇಳಬೇಕು. ಚೀಲ ಹೆಗಲಿಗೇರಿಸಿದಳು. ಎರಡೂ ಹೆಬ್ಬೆರಳು ಫೋನಿನ ಮೇಲೆ ಓಡುತ್ತಿದ್ದವು. ಅದರಿಂದ ಕಣ್ಣು ಎತ್ತದೆಯೇ ಒಂದೊಂದೇ ಮೆಟ್ಟಿಲು ಇಳಿಯುತ್ತ ಹೇಳಿದಳು:

"ಹೋಗಿ ಬರ್ತೇನ್ರೀ ಅಜ್ಜಾರ."

ಹಗ್ಗ ಹೊಸೆಯುವ ಸದ್ದು ನಿಂತಿತು.

"ಯಾರಿಗೆ ಹೇಳಿದೆವ್ವಾ?"