ಹಿಂದಿನ ಸಾಲಿನ ಅಣ್ಣ

“ಗುರುಗಳೇ, ನಾನೇ ಕಲಿಸಿದವನು ನನ್ನ ಜಾಗದಲ್ಲಿ ಕೂತರೆ ಅವನ ಮುಖವನ್ನು ಹೇಗೆ ನೋಡಬೇಕು?” ಎಂದು ಅಡಿವೆಪ್ಪ ಕೇಳಿದ.

ಗುರುಗಳು ಮಠದಲ್ಲಿ ಕಾವ್ಯವಾಚನ ಕಲಿಸುತ್ತಿದ್ದರು. ಪ್ರತಿ ಸೋಮವಾರ ಸಂಜೆ ಊರವರು ಸೇರುತ್ತಿದ್ದರು. ಒಬ್ಬ ಶಿಷ್ಯ ಪೀಠದ ಮುಂದೆ ಕೂತು ಓದುವುದು, ಗುರುಗಳು ಅರ್ಥ ಹೇಳುವುದು. ಓದುವ ಆ ಜಾಗ ಹಲವು ವರ್ಷಗಳಿಂದ ಅಡಿವೆಪ್ಪನದು. ಹೋದ ತಿಂಗಳ ಒಂದು ಸೋಮವಾರ, ಎಲ್ಲ ಸೋಮವಾರಗಳಂತೆಯೇ ಚಾಪೆ ಹಾಸಿ, ದೀಪ ಹಚ್ಚಿ ಆಗಿತ್ತು. ಗುರುಗಳು ಕನ್ನಡಕ ಒರೆಸುತ್ತ, “ಇವತ್ತು ಕಲ್ಮೇಶ ಓದಲಿ” ಎಂದರು. ಅಷ್ಟೇ ಹೇಳಿದ್ದು. ಆಮೇಲಿನ ಸೋಮವಾರಗಳಲ್ಲಿ ಅದನ್ನು ಹೇಳಬೇಕಾದ ಅಗತ್ಯವೂ ಬೀಳಲಿಲ್ಲ. ಕಲ್ಮೇಶನ ನಾಲಿಗೆಗೆ ಲಕಾರ ಳಕಾರಗಳ ವ್ಯತ್ಯಾಸ ಕಲಿಸಿದವನು ಅಡಿವೆಪ್ಪನೇ. ಈಗ ಅವನು ಹಿಂದಿನ ಸಾಲಿನಲ್ಲಿ, ಕಂಬಕ್ಕೆ ಒರಗಿ ಕೂರುತ್ತಿದ್ದ. ಕಲ್ಮೇಶ ಅಕ್ಷರ ತಪ್ಪಿದಲ್ಲೆಲ್ಲ ಅಡಿವೆಪ್ಪ ಕೆಮ್ಮುತ್ತಿದ್ದ. ಊರವರಿಗೆ ಅದು ಬರೀ ಕೆಮ್ಮು.

“ಎದುರಿಗೆ ಸಿಕ್ಕರೆ ಈಗಲೂ ಅಣ್ಣಾ ಎನ್ನುತ್ತಾನೆ,” ಎಂದ ಅಡಿವೆಪ್ಪ. “ಕೇಳಿದರೆ ಮೈ ಉರಿಯುತ್ತದೆ.”

“ನಿನಗೆ ಈ ಕೆಮ್ಮು ಯಾವಾಗ ಶುರುವಾಯಿತು?”

“ಧೂಳು, ಗುರುಗಳೇ.”

“ಸೋಮವಾರ ಮಾತ್ರ ಏಳುವ ಧೂಳು,” ಎಂದರು ಗುರುಗಳು. “ಕೂತುಕೋ. ಕೊರಿಯಾ ದೇಶದಲ್ಲಿ ಒಂದು ತಂಡವಿತ್ತು. ಕಂಪ್ಯೂಟರ್ ಆಟವನ್ನೇ ವೃತ್ತಿ ಮಾಡಿಕೊಂಡವರ ತಂಡ.”

ಅಡಿವೆಪ್ಪ ತಲೆಯೆತ್ತಿದ. “ಹುಡುಗರು ಮೊಬೈಲಿನಲ್ಲಿ ಆಡಿ ಬೈಸಿಕೊಳ್ಳುತ್ತಾರಲ್ಲ, ಅದೇ?”

“ಹೌದು. ಇಲ್ಲಿ ಬೈಯುತ್ತಾರೆ. ಅಲ್ಲಿ ಸಂಬಳ ಕೊಡುತ್ತಾರೆ, ನೋಡಲು ಜನ ಕ್ರೀಡಾಂಗಣ ತುಂಬುತ್ತಾರೆ. ಹೊಟ್ಟೆಕಿಚ್ಚಿಗೆ ಯಾವ ಆಟವಾದರೇನು? ಕೇಳು.”

ಗುರುಗಳು ಹೇಳಿದ ಕತೆ ಇದು.

ಐವರು ಐವರ ಎದುರು ಕೂತು ಆಡುವ ಆಟ ಅದು. ಪರದೆಯ ಮೇಲೆ ಎರಡು ಕೋಟೆ, ಮೂರು ದಾರಿ, ದಾರಿಗಳ ನಡುವೆ ಕಾಡು. ಎದುರಾಳಿಯ ಕೋಟೆಯನ್ನು ಮೊದಲು ಕೆಡವಿದವರು ಗೆದ್ದಂತೆ. ನಡುದಾರಿಯನ್ನು ಕಾಯುವವನು ತಂಡದ ಬೆನ್ನೆಲುಬು. ಅವನು ಸತ್ತರೆ ದಾರಿ ಬಯಲಾಗುತ್ತದೆ.

ತಂಡ ಹುಟ್ಟಿದ್ದು ಒಂದು ಲಾಂಡ್ರಿಯ ಮೇಲಿನ ಮಹಡಿಯಲ್ಲಿ. ಆಟಗಾರರು ಅಲ್ಲೇ ಉಂಡು, ಅಲ್ಲೇ ಮಲಗಿ, ಎಚ್ಚರವಿದ್ದಷ್ಟು ಹೊತ್ತು ಆಡುತ್ತಿದ್ದರು. ಅವರ ಬಟ್ಟೆಗೂ ಅನ್ನಕ್ಕೂ ಸಾಬೂನಿನ ವಾಸನೆ ಇತ್ತು. ಮೊದಲ ದಿನದಿಂದ ನಡುದಾರಿ ಕಾದವನು ಒಬ್ಬ ಹಿರಿಯ ಆಟಗಾರ. ಕೆಳಗಿನ ದರ್ಜೆಯ ಲೀಗಿನಲ್ಲಿ ಯಾರೂ ಹೆಸರು ಕೇಳದ ಆ ತಂಡವನ್ನು ಮೇಲಿನ ದರ್ಜೆಗೆ ಹತ್ತಿಸಿದವನು ಅವನು. ಹತ್ತಿದ ದಿನ ಲಾಂಡ್ರಿಯ ಯಜಮಾನಿ ಐವರ ಅಂಗಿಗಳನ್ನೂ ಬಿಟ್ಟಿ ಇಸ್ತ್ರಿ ಮಾಡಿಕೊಟ್ಟಳು. ಅವನಿಗೆ ಅಷ್ಟು ಸಾಕಾಗಲಿಲ್ಲ. ಕಪ್ ಬೇಕಿತ್ತು.

ಒಂದು ಮಂಗಳವಾರ ಅವನು ಊಟ ಮುಗಿಸಿ, ಕೈ ಒರೆಸಿಕೊಳ್ಳುತ್ತ ಬಂದಾಗ ಅವನ ಕುರ್ಚಿಯ ಪಕ್ಕ ಹೊಸಬನೊಬ್ಬ ನಿಂತಿದ್ದ. ಅವನಿಗಿಂತ ಐದು ವರ್ಷ ಚಿಕ್ಕವನು. ತರಬೇತುದಾರ, “ಇವತ್ತು ಇವನು ಕೂರಲಿ, ನೋಡೋಣ” ಎಂದ. ಹಿರಿಯವನು ತಾನೇ ಕುರ್ಚಿಯನ್ನು ಹೊಸಬನ ಎತ್ತರಕ್ಕೆ ಇಳಿಸಿಕೊಟ್ಟ. ಒಂದು ದಿನದ ಮಾತು ಎಂದುಕೊಂಡಿದ್ದ. ಕುರ್ಚಿ ಮತ್ತೆ ಹಿರಿಯವನ ಎತ್ತರಕ್ಕೆ ಏರಲೇ ಇಲ್ಲ. ತಂಡಕ್ಕೆ ಒಬ್ಬ ಬದಲಿ ಆಟಗಾರ ಇರಬೇಕಲ್ಲ, ಅವನು ಆರನೆಯವನಾದ.

ಆ ದೇಶದಲ್ಲೂ ಅಣ್ಣ ಎಂಬುದಕ್ಕೆ ಒಂದು ಪದವಿದೆ. ಒಂದೇ ವರ್ಷ ದೊಡ್ಡವನಾದರೂ ಸರಿ, ಅವನನ್ನು ಹೆಸರು ಹಿಡಿದು ಕರೆಯುವಂತಿಲ್ಲ. ಅಣ್ಣ ಎನ್ನಬೇಕು. ಆದರೆ ಆಟಕ್ಕೆ ಕೂತಾಗ ತರಬೇತುದಾರ ಆ ಪದವನ್ನು ನಿಷೇಧಿಸಿದ್ದ. ಮರ್ಯಾದೆಗೆ ಖರ್ಚಾಗುವ ಹೊತ್ತಿನಲ್ಲಿ ಎದುರಾಳಿ ಕೊಂದು ಹೋಗಿರುತ್ತಾನೆ ಎಂಬುದು ಅವನ ಲೆಕ್ಕ. ಆಟದಲ್ಲಿ ಎಲ್ಲರಿಗೂ ತುಂಡು ಹೆಸರು. ಆಟ ಮುಗಿದ ಕ್ಷಣ ಮತ್ತೆ ಅಣ್ಣ.

ಕಿರಿಯವನು ವಿನಯವಂತ. ಮೆಟ್ಟಿಲಲ್ಲಿ ಸಿಕ್ಕರೆ ಅಣ್ಣ, ಊಟದಲ್ಲಿ ಅಣ್ಣ, ದೀಪ ಆರಿಸುವಾಗ ಅಣ್ಣ. ಹಿರಿಯವನ ಕಿವಿಗೆ ಅದು ಅಣಕದಂತೆ ಕೇಳುತ್ತಿತ್ತು. ಕುರ್ಚಿ ಕಿತ್ತುಕೊಂಡವನು ಅಣ್ಣ ಎಂದು ಕರೆದು ಸಾಲ ತೀರಿಸುತ್ತಿದ್ದಾನೆ ಎನಿಸುತ್ತಿತ್ತು. ಒಂದು ದಿನ ಎಲ್ಲರ ಎದುರಿಗೇ, “ನನ್ನನ್ನು ಹಾಗೆ ಕರೆಯಬೇಡ. ನಾನು ನಿನ್ನ ಅಣ್ಣನಲ್ಲ” ಎಂದುಬಿಟ್ಟ.

ಕಿರಿಯವನು ಇಕ್ಕಟ್ಟಿಗೆ ಸಿಕ್ಕ. ಅಣ್ಣ ಎನ್ನುವಂತಿಲ್ಲ. ಹೆಸರು ಹಿಡಿಯಲು ನಾಲಿಗೆ ಏಳುವುದಿಲ್ಲ. ಕೊನೆಗೆ ಏನೂ ಕರೆಯದೆ ಇರುವುದನ್ನು ಕಲಿತ. ಮಾತಾಡಬೇಕಾದರೆ ಎದ್ದು, ಮೇಜು ಸುತ್ತಿ ಬಂದು, ಹಿರಿಯವನ ಎದುರಿಗೆ ನಿಂತು, ಅವನು ನೋಡುವವರೆಗೆ ಕಾಯುತ್ತಿದ್ದ. ಕಿಮ್ಚಿ ಎಂಬ ಅಲ್ಲಿಯ ಉಪ್ಪಿನಕಾಯಿಯ ಬಟ್ಟಲು ಬೇಕಾದರೂ ಹಾಗೆಯೇ. ಹಿರಿಯವನು ಒಮ್ಮೊಮ್ಮೆ ಬೇಕೆಂದೇ ತಟ್ಟೆಯಿಂದ ತಲೆ ಎತ್ತುತ್ತಿರಲಿಲ್ಲ.

ಅಭ್ಯಾಸದ ಆಟದಲ್ಲಿ ಹಿರಿಯವನು ಹೊರಗಿನಿಂದ ಕರೆಸಿದ ನಾಲ್ವರ ಜೊತೆ ಎದುರು ಪಕ್ಷದಲ್ಲಿ ಕೂರುತ್ತಿದ್ದ. ಅಲ್ಲಿ ಅವನಿಗೆ ಒಂದೇ ಕೆಲಸ, ಕಿರಿಯವನನ್ನು ಸೋಲಿಸುವುದು. ಪ್ರೀತಿಸುವವರು ಕೂಡ ಅಷ್ಟು ಗಮನವಿಟ್ಟು ನೋಡುವುದಿಲ್ಲ, ಅಷ್ಟು ಗಮನವಿಟ್ಟು ಅವನು ಕಿರಿಯವನ ಆಟವನ್ನು ನೋಡಿದ. ಗೆಲುವು ಹತ್ತಿರವಾದಾಗ ಅವನು ಬೆನ್ನು ಮರೆಯುತ್ತಾನೆ ಎಂದು ಕಂಡುಕೊಂಡ. ಮುಂದಿನ ಶತ್ರುವಿನ ಮೇಲೆ ಕಣ್ಣಿಟ್ಟು ಕಾಡಿನ ಕಡೆ ತಿರುಗುವುದೇ ಇಲ್ಲ. ಅಂದಿನಿಂದ ಹಿರಿಯವನು ದಿನವೂ ಕಾಡಿನೊಳಗಿಂದ ಸದ್ದಿಲ್ಲದೆ ಬಂದು, ಹಿಂದಿನಿಂದ ಹೊಡೆದು ಕೊಂದ. ಕೊಂದ ಮೇಲೆ ಗೋಡೆಯಾಚೆಯ ಕೋಣೆಗೆ ಕೇಳುವಂತೆ, “ಹಿಂದೆ ನೋಡೋ” ಎನ್ನುತ್ತಿದ್ದ. ದಿನದಲ್ಲಿ ಅವನು ಆಡುತ್ತಿದ್ದ ಸಂತೋಷದ ಮಾತು ಅದೊಂದೇ.

ಆ ವರ್ಷ ತಂಡ ದೇಶದ ಕಪ್ ಗೆದ್ದಿತು. ಹಿರಿಯವನು ತೆರೆಯ ಹಿಂದೆ ಕೂತು, ಎದುರು ತಂಡ ಗೆಲ್ಲಲಿ ಎಂದು ಮೇಜಿನ ಕೆಳಗೆ ಕೈ ಮುಗಿದಿದ್ದ. ಫೋಟೋ ತೆಗೆಯುವಾಗ ಅವನೂ ಕಪ್ ಮುಟ್ಟಿದ. ಪತ್ರಿಕೆಯಲ್ಲಿ ಬಂದ ಫೋಟೋದಲ್ಲಿ ಅವನ ಕೈ ಕಿರಿಯವನ ತಲೆಯ ಹಿಂದೆ ಮುಚ್ಚಿಹೋಗಿತ್ತು. ಮರುವರ್ಷ ಮತ್ತೆ ಗೆದ್ದರು. ಲಾಂಡ್ರಿಯ ಮಹಡಿ ಬಿಟ್ಟು ಗಾಜಿನ ಕಟ್ಟಡಕ್ಕೆ ಹೋದರು. ಗೆದ್ದ ಕಪ್‌ಗಳನ್ನು ಬಾಗಿಲಿನ ಎದುರಿಗೇ ಇಟ್ಟರು. ಹಿರಿಯವನು ಒಳಗೆ ಬರುವಾಗ ಷೂ ಬಿಚ್ಚುವ ನೆಪದಲ್ಲಿ ತಲೆ ಬಗ್ಗಿಸುತ್ತಿದ್ದ.

ಒಂದು ಮಧ್ಯಾಹ್ನ ಅವನು ಅಭ್ಯಾಸದ ಕೋಣೆಯ ಬಾಗಿಲು ತೆರೆದ. ಒಳಗೆ ಐವರೂ ನಗುತ್ತಿದ್ದರು. ಅವರಲ್ಲೊಬ್ಬ ಅಣ್ಣ ಎಂದದ್ದು ಕೇಳಿಸಿತು. ಇವನನ್ನು ನೋಡಿ ನಗು ನಿಂತಿತು.

“ಏನು ಅಷ್ಟು ತಮಾಷೆ?” ಎಂದ ಹಿರಿಯವನು.

“ಏನಿಲ್ಲ, ಆಟದ ಮಾತು,” ಎಂದರು. ಕಿರಿಯವನು ಮಾತ್ರ ತಲೆ ತಗ್ಗಿಸಿದ್ದ.

ತನ್ನನ್ನೇ ಆಡಿಕೊಂಡು ನಕ್ಕರು ಎಂದು ಹಿರಿಯವನಿಗೆ ಖಚಿತವಾಯಿತು. ಅಂದಿನ ಅಭ್ಯಾಸದಲ್ಲಿ ಅವನು ಕಿರಿಯವನಿಗೆ ಉಸಿರಾಡಲು ಬಿಡಲಿಲ್ಲ.

ಮೂರನೆಯ ವರ್ಷ ತಂಡ ದೇಶದ ಕಪ್ ಕಳೆದುಕೊಂಡಿತು. ಕಿರಿಯವನ ಬೆರಳು ಮಂದವಾಗಿದೆ ಎಂದು ಜನ ಬರೆದರು. ಹಿರಿಯವನು ಅವನ್ನೆಲ್ಲ ಓದಿದ, ಕೆಲವನ್ನು ಎರಡೆರಡು ಸಲ. ಆದರೂ ತಂಡ ಹೇಗೋ ತೆವಳಿಕೊಂಡು ಜಗತ್ತಿನ ಫೈನಲ್ ಮುಟ್ಟಿತು. ಮೂರು ಆಟ ಗೆದ್ದವರಿಗೆ ಕಪ್. ಎರಡು ಆಟ ಮುಗಿದಾಗ ಎರಡೂ ಕಡೆ ಒಂದೊಂದು ಗೆಲುವು.

ತರಬೇತುದಾರ ಹಿರಿಯವನ ಬಳಿ ಬಂದ. “ಮೂರನೆಯದು ಸೋತರೆ ನಾಲ್ಕನೆಯದಕ್ಕೆ ನೀನು ಕೂರು. ಕೈ ಬಿಸಿ ಮಾಡಿಕೋ.”

ಅಲ್ಲಿಯ ಆಟಗಾರರು ಜೇಬಿನಲ್ಲಿ ಸಣ್ಣ ಬಿಸಿ ಚೀಲ ಇಟ್ಟುಕೊಳ್ಳುತ್ತಾರೆ. ಅಲುಗಿಸಿದರೆ ಅದು ಕಾಯುತ್ತದೆ. ಬೆರಳು ತಣ್ಣಗಾದರೆ ಆಟ ಹೋಯಿತು. ಹಿರಿಯವನು ಎರಡು ಚೀಲಗಳನ್ನು ಮುಷ್ಟಿಯಲ್ಲಿ ಹಿಡಿದು ಕೂತ. ವೇದಿಕೆಯ ಮೇಲಿನ ಐವರ ಮಾತು ಕೇಳಲು ಹೆಡ್‌ಫೋನ್ ಹಾಕಿಕೊಂಡ. ಎದುರಿನ ಪರದೆಯಲ್ಲಿ ಇಡೀ ಆಟ ಕಾಣುತ್ತಿತ್ತು. ಇಷ್ಟು ವರ್ಷ ಕಾದಿದ್ದ ಕುರ್ಚಿಗೂ ಅವನಿಗೂ ನಡುವೆ ಇದ್ದದ್ದು ಒಂದು ಸೋಲು.

ಆಟ ಸಮಸಮವಾಗಿ ಸಾಗಿತು. ಕೊನೆಯ ಹೊತ್ತಿನಲ್ಲಿ ಕಿರಿಯವನು ಮುಂದಿನ ಶತ್ರುವನ್ನು ಅಟ್ಟಿಸಿಕೊಂಡು ಹೊರಟ. ಗೆಲುವು ಹತ್ತಿರವಿತ್ತು. ಹಿರಿಯವನು ಪರದೆಯ ಮೂಲೆ ನೋಡಿದ. ಕಾಡಿನ ಕತ್ತಲಲ್ಲಿ ಇನ್ನೊಬ್ಬ ಶತ್ರು, ತಾನು ದಿನವೂ ಬರುತ್ತಿದ್ದ ದಾರಿಯಲ್ಲೇ, ಕಿರಿಯವನ ಬೆನ್ನಿಗೆ ಬರುತ್ತಿದ್ದ. ಹಿರಿಯವನ ಎದೆ ಹಗುರವಾಯಿತು. ಅವನು ಕುರ್ಚಿಯಿಂದ ಅರ್ಧ ಎದ್ದ.

ಆಗ ಹೆಡ್‌ಫೋನಿನಲ್ಲಿ ಕಿರಿಯವನ ದನಿ ಕೇಳಿತು.

“ಅಣ್ಣ.”

ವೇದಿಕೆಯ ಮೇಲೆ ಯಾರಿಗೂ ಯಾರೂ ಅಣ್ಣನಲ್ಲ. ಆಟದಲ್ಲಿ ಯಾರೂ ಬಳಸದೆ ಖಾಲಿ ಉಳಿದಿದ್ದ ಪದ ಅದೊಂದೇ. ಹಿರಿಯವನಂತೆ ಹಿಂದಿನಿಂದ ಬರುವ ಸಾವಿಗೆ ಐವರೂ ಸೇರಿ ಆ ಹೆಸರು ಇಟ್ಟಿದ್ದರು. ಬಾಗಿಲು ತೆರೆದ ಆ ಮಧ್ಯಾಹ್ನ ಅವನು ಕೇಳಿದ್ದು ಅದನ್ನೇ. ಪದ ಬಾಯಿಂದ ಬಿದ್ದ ಕೂಡಲೇ ಐವರೂ ಒಟ್ಟಿಗೆ ಹಿಂದಕ್ಕೆ ತಿರುಗಿದರು. ಬಂದವನು ಅಲ್ಲೇ ಸತ್ತ. ಆಮೇಲೆ ಎದುರಾಳಿಯ ನಡುದಾರಿ ಬಯಲಾಯಿತು, ಅವರ ಕೋಟೆ ಬಿತ್ತು.

ಬಿಡುವಿನಲ್ಲಿ ಕಿರಿಯವನು ಒಳಗೆ ಬಂದ. ಎಂದಿನಂತೆ ಸುತ್ತಿ ಬಂದು ಹಿರಿಯವನ ಎದುರಿಗೆ ನಿಂತ. ತಣ್ಣಗಾದ ಬೆರಳುಗಳನ್ನು ಉಜ್ಜಿಕೊಳ್ಳುತ್ತಿದ್ದ. ಹಿರಿಯವನ ಮುಷ್ಟಿಯಲ್ಲಿ ಚೀಲಗಳು ಇನ್ನೂ ಬಿಸಿಯಾಗಿದ್ದವು. ಅವನು ಕೊಡಲಿಲ್ಲ. ಕಿರಿಯವನು ಸ್ವಲ್ಪ ಹೊತ್ತು ನಿಂತು, ಮತ್ತೆ ವೇದಿಕೆಗೆ ಹೋದ. ನಾಲ್ಕನೆಯ ಆಟವನ್ನೂ ಗೆದ್ದರು. ತಂಡ ಜಗತ್ತಿನ ಕಪ್ ಎತ್ತಿತು. ಕುರ್ಚಿ ಹಿರಿಯವನಿಗೆ ಸಿಗಲಿಲ್ಲ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಅಡಿವೆಪ್ಪ ಕಾದ. ಕತೆ ಇನ್ನೂ ಇದೆ ಎಂದುಕೊಂಡಿದ್ದ.

“ಅವನ ಹೊಟ್ಟೆಕಿಚ್ಚು ಹೋಯಿತೇ?” ಎಂದು ಕೇಳಿದ.

“ಇಲ್ಲ. ಊರಿಗೆ ಮರಳಿದ ಮೇಲೆ ಮೊದಲ ಅಭ್ಯಾಸದಲ್ಲೇ ಹಿಂದಿನಿಂದ ಬಂದು ಮತ್ತೆ ಕೊಂದ. ಅಂದು ಊಟಕ್ಕೆ ಕೂತಾಗ ಕಿರಿಯವನು ಏಳುವ ಮುಂಚೆ ಹಿರಿಯವನೇ ಕಿಮ್ಚಿಯ ಬಟ್ಟಲನ್ನು ಅವನ ಕಡೆ ತಳ್ಳಿದ. ನೋಡದೆಯೇ ತಳ್ಳಿದ.”

ಅಡಿವೆಪ್ಪ ಚಾಪೆಯ ಅಂಚನ್ನು ಬೆರಳಲ್ಲಿ ಸುರುಳಿ ಸುತ್ತುತ್ತ ಕೂತ. ಹೊರಗೆ ಯಾರೋ ಬಾವಿಯಿಂದ ನೀರು ಸೇದುತ್ತಿದ್ದರು.

“ಹಾಗಾದರೆ ನಾನು ಕೆಮ್ಮಬೇಕೋ, ಬಿಡಬೇಕೋ, ಅದನ್ನಾದರೂ ಹೇಳಿ,” ಎಂದ.

ಗುರುಗಳು ಕನ್ನಡಕ ತೆಗೆದು ಒರೆಸಿದರು.

“ಬರುವ ಸೋಮವಾರ ಅಣ್ಣ ಹಿಂದಿನ ಸಾಲಿನಲ್ಲೇ, ಕೆಮ್ಮು ನನಗೆ ಕೇಳುವ ಹಾಗೆ ಕೂರುತ್ತಾರೆ ತಾನೇ ಎಂದು ಬೆಳಿಗ್ಗೆ ಕಲ್ಮೇಶ ಬಂದು ಕೇಳಿದ,” ಎಂದರು.

ಅಡಿವೆಪ್ಪ ಸುರುಳಿ ಸುತ್ತಿದ್ದ ಚಾಪೆಯ ಅಂಚನ್ನು ಬಿಚ್ಚಿ ನೇರ ಮಾಡಿದ.